ಉಣ್ಣು ಬಾರೋ ಮಗ

ಫೆಬ್ರವರಿ 11, ಮಂಗಳವಾರ. ಬೆಳಿಗ್ಗೆ 7.20ಕ್ಕೆ ಸಖರಾಯಪಟ್ಟಣದ ಠಾಣೆಯೊಳಗೆ ನುಗ್ಗಿದ ಮೋಹನ್ ಹೆಲ್ಮೆಟ್ ತೆಗೆಯುವುದನ್ನೂ ಮರೆತಿದ್ದ. ಗುಡ್ಡದ ಬುಡದಲ್ಲಿರುವ ವನ್ಯಜೀವಿ ಪುನರ್ವಸತಿ ಕೇಂದ್ರದ ಮೇಲ್ವಿಚಾರಕ ಅವನು.

"ಮೇಡಂ, ಚಿರತೆ ಇಲ್ಲ."

"ಇಲ್ಲ ಅಂದ್ರೆ? ಸತ್ತೋಯ್ತಾ?" ಸಬ್ ಇನ್‌ಸ್ಪೆಕ್ಟರ್ ಹೇಮಶ್ರೀ ಕೇಳಿದಳು.

"ಬೋನಿನ ಬಾಗಿಲು ತೆಗೆದಿದೆ. ಯಾರೋ ಬಿಟ್ಟಿದಾರೆ."

ಹೆಡ್ ಕಾನ್‌ಸ್ಟೇಬಲ್ ಲಕ್ಕಣ್ಣನ ಕೈಯಲ್ಲಿದ್ದ ಟೀ ಲೋಟ ಅಲ್ಲೇ ನಿಂತಿತು. "ಅಯ್ಯೋ ಶಿವನೇ, ನಾನು ಈಗ ತಾನೆ ಅದೇ ಗುಡ್ಡದ ದಾರೀಲಿ ವಾಕಿಂಗ್ ಮುಗಿಸ್ಕಂಡ್ ಬಂದೆ ಕಣ್ರೀ!"

ಯಾರೂ ನಗಲಿಲ್ಲ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ, ಪ್ರಾಣಿಯ ವಿಷಯದಲ್ಲಿ ನಿರ್ಲಕ್ಷ್ಯವೆಂದು, ಎಫ್‌ಐಆರ್ ದಾಖಲಾಯಿತು. ಆರೋಪಿ ಅಪರಿಚಿತ.

ಒಂಬತ್ತರ ಹೊತ್ತಿಗೆ ಸ್ಥಳ ಪಂಚನಾಮೆ ಶುರುವಾಯಿತು. ಬೋನಿನ ಬೀಗ ಒಡೆದಿರಲಿಲ್ಲ. ಕೀಲಿಯಿಂದಲೇ ತೆಗೆದು, ಜಾರುಬಾಗಿಲನ್ನು ಹಗ್ಗದಿಂದ ಮೇಲೆಳೆದು ಕಂಬಕ್ಕೆ ಕಟ್ಟಲಾಗಿತ್ತು. ಎಲ್ಲೂ ರಕ್ತವಿಲ್ಲ, ಎಳೆದಾಡಿದ ಗುರುತಿಲ್ಲ. ಕದ್ದು ಮಾರುವವರ ಕೆಲಸವೆಂದು ಮೋಹನ್ ಹೇಳಿದ್ದನ್ನು ಹೇಮಶ್ರೀ ನಂಬಲಿಲ್ಲ. ಮಾರುವವರು ಬೋನಿಗೆ ಬೋನು ತಾಗಿಸಿ ಸಾಗಿಸುತ್ತಾರೆ. ಹೀಗೆ ಬಾಗಿಲು ಕಟ್ಟಿಟ್ಟು ಹೋಗುವುದಿಲ್ಲ.

"ಕೀಲಿ ಎಲ್ಲಿರುತ್ತೆ?"

"ಅಡುಗೆಮನೆ ಮೊಳೆಗೆ. ಎಲ್ರಿಗೂ ಗೊತ್ತು."

"ರಾತ್ರಿ ಕಾವಲು?"

"ಬೋನಿನ ಹತ್ರ ಯಾರೂ ಸುಳಿಯಂಗಿಲ್ಲ. ಅದೇ ನಮ್ಮ ನಿಯಮ."

ಗೋಡೆಯ ಮೇಲೆ ಕಣ್ಣಿನ ಜಾಗಕ್ಕೆ ತೂತಿದ್ದ ಗೋಣಿಚೀಲದ ಮುಸುಕುಗಳು ನೇತಾಡುತ್ತಿದ್ದವು. ಮುಖವಿಲ್ಲದ ತಲೆಗಳ ಸಾಲು. ಮಾಂಸ ಇಡುವವರು ಅದನ್ನು ಹಾಕಿಕೊಳ್ಳಬೇಕು, ಉಸಿರೆತ್ತಬಾರದು ಎಂದು ಮೋಹನ್ ವಿವರಿಸಿದ. ತಾಯಿ ಸತ್ತ ಮರಿಯಾಗಿ ಬಂದ ಚಿರತೆ ಅದು. ಮನುಷ್ಯನ ಮುಖವಾಗಲಿ ದನಿಯಾಗಲಿ ಅದಕ್ಕೆ ಅಭ್ಯಾಸವಾಗಬಾರದು. ಇವತ್ತು ಪಶುವೈದ್ಯರು ಬಂದು ಪರೀಕ್ಷೆ ಮಾಡುವವರಿದ್ದರು. ಬೋನಿನ ಹೊರಗೆ ನಿಂತು ಒಬ್ಬರು ಮಾತಾಡುತ್ತಾರೆ. ಚಿರತೆ ಹೆದರಿ ಓಡಿದರೆ ಕಾಡಿಗೆ. ಹತ್ತಿರ ಬಂದರೆ ಸಾಯುವತನಕ ಪಂಜರ.

"ಓಡ್ತಿತ್ತಾ?"

"ಓಡ್ತಿತ್ತು ಮೇಡಂ. ಅದಕ್ಕೆ ಮನುಷ್ಯರ ಪರಿಚಯಾನೇ ಇಲ್ಲ."

ಆ ವಾರ ಮಾಂಸ ಇಟ್ಟವರು ಮೂವರು ಸ್ವಯಂಸೇವಕರು. ಇಬ್ಬರು ಪಶುವೈದ್ಯ ವಿದ್ಯಾರ್ಥಿಗಳು. ಮೂರನೆಯವಳು ಊರಿನ ಕಾಮಾಕ್ಷಮ್ಮ. ತೆಂಗಿನ ತೋಟದಲ್ಲಿ ಬಿದ್ದಿದ್ದ ಗೂಬೆಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೇಂದ್ರಕ್ಕೆ ತಂದವಳು, ಅಪಶಕುನ ಹೊತ್ತವಳೆಂದು ಬೀದಿಯವರು ಆಡಿಕೊಂಡರೂ ಆಮೇಲೆ ದಿನಾ ಬರತೊಡಗಿದ್ದಳು. ಮೂವರೂ ಮುಸುಕು ಹಾಕಿ, ಬಾಯಿ ಮುಚ್ಚಿಕೊಂಡೇ ಮಾಂಸ ಇಟ್ಟೆವೆಂದರು.

ಅದೇ ಸಂಜೆ ಗುಡ್ಡದ ಈಚೆಗಿನ ಒಂಟಿಮನೆಯಿಂದ ಫೋನ್ ಬಂತು. ಹೇಮಶ್ರೀ ಮೋಹನ್ ಜೊತೆ ಹೋದಾಗ ಚಿರತೆ ಅಲ್ಲಿರಲಿಲ್ಲ, ಆದರೂ ಆ ಮನೆಯ ಕರಿಬಸಮ್ಮ ಒಳಗಿಂದ ಅಗುಳಿ ತೆಗೆಯಲು ಒಪ್ಪಲಿಲ್ಲ. ಕಿಟಕಿಯಿಂದಲೇ ಮಾತಾಡಿದಳು.

"ಬಾಗ್ಲಾಗೇ ಕುಂತಿತ್ತು ಕಣವ್ವ."

"ಮೇಲೆ ಬಿತ್ತಾ?"

"ಇಲ್ಲ. ಕುಂತ್ಕಂಡು ನನ್ ಮಖಾನೇ ನೋಡ್ತಿತ್ತು. ಕದ ಹಾಕ್ಕಂಡೆ. ಆಮ್ಯಾಕೂ ಹೋಗ್ಲಿಲ್ಲ. ಕದದ ಸಂದೀಲಿ ಮೂಸೋದು ಕೇಳ್ತಿತ್ತು."

"ಅದು ಬರೋಕೆ ಮುಂಚೆ ಏನು ಮಾಡ್ತಿದ್ರಿ?"

"ಏನ್ ಮಾಡಾನ? ಮೊಮ್ಮಗ ಹಿತ್ಲಾಗೆ ಆಡ್ತಿದ್ದ. ಮುದ್ದೆ ಆಗಿತ್ತು, ಕರೆದೆ. ಅವನು ಹಿಂದ್ಲ ಬಾಗ್ಲಲ್ಲಿ ಬಂದ. ಮುಂದ್ಲ ಬಾಗ್ಲಲ್ಲಿ ಇದು ಬಂತು."

"ಏನಂತ ಕರೆದ್ರಿ?"

ಕರಿಬಸಮ್ಮ ಪಿಸುಗುಟ್ಟಿದಳು. ಜೋರಾಗಿ ಹೇಳಲು ಅವಳಿಗೆ ಧೈರ್ಯವಿರಲಿಲ್ಲ. "ಉಣ್ಣು ಬಾರೋ ಮಗ, ಅಂತ."

ಟಾರ್ಚಿನ ಬೆಳಕಿನಲ್ಲಿ ಹೆಜ್ಜೆಗಳು ಅಂಗಳಕ್ಕೆ ನೇರವಾಗಿ ಬಂದಿದ್ದವು. ಹೊಂಚು ಹಾಕಿದ ಸುತ್ತಿಲ್ಲ. ಬಾಗಿಲ ಮುಂದೆ ಧೂಳಿನಲ್ಲಿ ಕೂತ ಗುರುತು. ಮೋಹನ್ ಅದರ ಪಕ್ಕ ಕುಕ್ಕರಿಸಿದ.

"ಬೇಟೆಗೆ ಬಂದಿದ್ದಲ್ಲ ಮೇಡಂ. ಊಟಕ್ಕೆ ಬಂದಿದೆ. ಯಾರೋ ಇದನ್ನ ಕರೆದು ಕರೆದು ಇಕ್ಕಿದಾರೆ."

"ಇಕ್ಕದೇ ಇದ್ರೆ?"

ಅವನು ಹುಡುಗ ಆಡುತ್ತಿದ್ದ ಹಿತ್ತಲಿನ ಕಡೆ ಟಾರ್ಚ್ ತಿರುಗಿಸಿದ. ಹಿಂದಿನ ಸಂಜೆಯಿಂದ ಅದು ತಿಂದಿರಲಿಲ್ಲ.

ಮಾರನೆಯ ದಿನ ಅರಣ್ಯ ಇಲಾಖೆಯವರು ಬೋನುಗಳನ್ನಿಟ್ಟು ಕಾದರು. ಊರಿನಲ್ಲಿ ಆಟೋ ಕೂಗಿಕೊಂಡು ಹೋಯಿತು: ಮಕ್ಕಳನ್ನು ಹೊರಗೆ ಬಿಡಬೇಡಿ. ಯಾರನ್ನೂ ಊಟಕ್ಕೆ ಕೂಗಿ ಕರೆಯಬೇಡಿ. ಮಧ್ಯಾಹ್ನ ಜೀಪಿನಲ್ಲಿ ಹಾದುಹೋದ ಹೇಮಶ್ರೀಗೆ ಬಾಗಿಲುಗಳ ಹಿಂದೆ ತಟ್ಟೆಯ ಸದ್ದು ಕೇಳಿಸಿತೇ ಹೊರತು ಒಂದು ಮಾತೂ ಕೇಳಿಸಲಿಲ್ಲ. ಊರೇ ಮುಸುಕು ಹಾಕಿಕೊಂಡಂತಿತ್ತು.

ಮೂರು ಗಂಟೆಗೆ ಮೂವರನ್ನೂ ಠಾಣೆಗೆ ಕರೆಸಲಾಯಿತು. ವಿದ್ಯಾರ್ಥಿಗಳ ವಿಚಾರಣೆಯಲ್ಲಿ ಹೊಸದೇನೂ ಸಿಗಲಿಲ್ಲ. ಕಾಮಾಕ್ಷಮ್ಮ ಬೆಂಚಿನ ಮೇಲೆ ಕೈ ಕಟ್ಟಿ ಕೂತಿದ್ದಳು.

"ಸೋಮವಾರ ಸಂಜೆ ಮಾಂಸ ಇಟ್ಟೋರು ನೀವು."

"ಹೂಂ."

"ಎಷ್ಟೊತ್ತಿಗೆ ಹೊರಟ್ರಿ?"

"ಕಡೂರು ಬಸ್ಸು ಬಂತು, ಹತ್ತಿದೆ."

"ಬೋನಿಗೆ ಬೀಗ?"

"ಹಾಕಿದ್ದೆ."

ಬೆಳಗಿನಿಂದ ಓಡಾಡಿ ಸುಸ್ತಾಗಿದ್ದ ಲಕ್ಕಣ್ಣ ಒಳಗೆ ಬಂದು ಉಪ್ಪಿಟ್ಟಿನ ಪೊಟ್ಟಣಗಳನ್ನು ಹಂಚಿದ. ಕಾಮಾಕ್ಷಮ್ಮನ ಮುಂದೊಂದು ಇಟ್ಟು, ಏನೂ ಹೇಳದೆ ತಿರುಗಿದ. ಅವಳು ಅದನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದಳು.

"ಏನಪ್ಪಾ ಪೊಲೀಸಪ್ಪ, ಬಾಯಲ್ಲಿ ಕಡುಬು ಇಟ್ಕಂಡಿದೀಯಾ? ತಗೊಳ್ಳಿ ಅಂತ ಒಂದ್ ಮಾತಿಲ್ವಾ? ನಮ್ಮನೇಲಿ ನಾಯಿಗೂ ಕರೀದೆ ಇಕ್ಕಲ್ಲ. ಕರೀದೆ ಇಕ್ಕಿದ ಕೂಳು ಹೆಣದ ಕೂಳು."

ಲಕ್ಕಣ್ಣ ತಡವರಿಸಿದ. "ತಗೊಳ್ಳಮ್ಮ, ತಗೊಳ್ಳಿ."

ಹೇಮಶ್ರೀ ಪೆನ್ನು ಕೆಳಗಿಟ್ಟಳು.

"ನಾಯಿಗೂ ಕರೆದೇ ಇಕ್ತೀರಾ?"

"ಹೂಂ ಮತ್ತೆ."

"ಚಿರತೆಗೆ?"

ಕಾಮಾಕ್ಷಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಅದು ಗುಡ್ಡ ಹತ್ತಿ ಹೋಗಿರ್ತದೆ" ಎಂದಳು ಕೊನೆಗೆ.

"ಇಲ್ಲ. ನಿನ್ನೆ ಕರಿಬಸಮ್ಮನ ಬಾಗಿಲಲ್ಲಿ ಕೂತಿತ್ತು. ಆಕೆ ಮೊಮ್ಮಗನನ್ನ ಉಣ್ಣೋಕೆ ಕರೆದ್ಲು. ಇದು ಬಂತು."

ಕಾಮಾಕ್ಷಮ್ಮ ಬೆಂಚಿನಿಂದ ಅರ್ಧ ಎದ್ದಳು.

"ಇವತ್ತು ಅದಕ್ಕೆ ಹಸಿವು ಜಾಸ್ತಿ ಅಮ್ಮ. ಯಾವಳೋ ಒಬ್ಬಳು ಮರೆತು ಮಗೂನ ಕರೀತಾಳೆ. ಆಗ ಅದು ಕೂರಲ್ಲ."

"ನಾನ್ ಕರೀತೀನಿ" ಎಂದಳು ಕಾಮಾಕ್ಷಮ್ಮ. "ನಡೀರಿ. ಹೊತ್ತು ಮುಳುಗೋಕ್ ಮುಂಚೆ ನಡೀರಿ."

5.10. ಗುಡ್ಡದ ಬುಡದ ಬಯಲಿನಲ್ಲಿ ಅರಣ್ಯ ಸಿಬ್ಬಂದಿ ಬೋನನ್ನಿಟ್ಟು ಸೊಪ್ಪು ಮುಚ್ಚಿದರು. ಒಳಗೆ ಮಾಂಸ, ಕಾಮಾಕ್ಷಮ್ಮ ತನ್ನ ಕೈಯಾರೆ ಕಟ್ಟಿದ್ದು. ಬೋನಿನ ಹಿಂಬದಿಯಲ್ಲಿ, ಸರಳುಗಳ ಈಚೆಗೆ ಕಾಮಾಕ್ಷಮ್ಮ ಕುಕ್ಕರಗಾಲಿನಲ್ಲಿ ಕೂತಳು. ಅವಳ ಬೆನ್ನಿಗೆ ಹೇಮಶ್ರೀ, ಅರಿವಳಿಕೆ ಬಂದೂಕು ಹಿಡಿದ ಪಶುವೈದ್ಯ. ಬಾಗಿಲು ತೆರೆದ ಜೀಪಿನ ಪಕ್ಕದಲ್ಲಿ ಲಕ್ಕಣ್ಣ.

"ಉಣ್ಣು ಬಾರೋ ಮಗ."

ಗುಡ್ಡದ ಕಡೆ ಏನೂ ಅಲುಗಲಿಲ್ಲ.

"ಬಾರೋ, ತಣ್ಣಗಾಯ್ತದೆ. ಉಣ್ಣು ಬಾ."

ಎಲ್ಲರೂ ಗುಡ್ಡವನ್ನೇ ನೋಡುತ್ತಿದ್ದರು. ಹೇಮಶ್ರೀ ಅಕಸ್ಮಾತ್ ಲಕ್ಕಣ್ಣನತ್ತ ತಿರುಗಿದಳು. ಅವನು ತನ್ನ ಕಾಲ ಕಡೆ ನೋಡುತ್ತಿದ್ದ. ಚಿರತೆ ಊರಿನ ಕಡೆಯಿಂದ ಬಂದಿತ್ತು. ಜೀಪಿಗೂ ಅವನಿಗೂ ನಡುವೆ, ಅವನ ಪ್ಯಾಂಟಿಗೆ ಮೈ ತಾಗುವಷ್ಟು ಹತ್ತಿರದಲ್ಲಿ ಅದು ನಡೆದುಹೋಗುತ್ತಿತ್ತು. ಅವನತ್ತ ನೋಡಲೂ ಇಲ್ಲ. ಅದರ ಹೊಟ್ಟೆ ಒಳಸರಿದಿತ್ತು. ಪಶುವೈದ್ಯ ಬಂದೂಕು ಎತ್ತಿದ, ಅಡ್ಡ ಲಕ್ಕಣ್ಣನಿದ್ದ.

"ನಿಲ್ಲಿಸ್ಬೇಡಿ" ಎಂದು ಹೇಮಶ್ರೀ ಉಸಿರಿನಲ್ಲೇ ಹೇಳಿದಳು.

ಕಾಮಾಕ್ಷಮ್ಮ ನಿಲ್ಲಿಸಲಿಲ್ಲ. ದನಿ ಒಡೆದಿತ್ತು, ಆದರೂ ಕರೆಯುತ್ತಲೇ ಇದ್ದಳು. ಚಿರತೆ ಬೋನನ್ನು ಒಂದು ಸುತ್ತು ಹಾಕಿತು. ಅವಳ ಪಕ್ಕಕ್ಕೇ ಬಂದು, ಸರಳಿಲ್ಲದ ಕಡೆ ನಿಂತು, ಕೈ ಮೂಸಿತು. ಮಾಂಸ ಕಟ್ಟಿದ ಕೈ. ಅವಳು ಕಣ್ಣು ಮುಚ್ಚಿಕೊಂಡು, ಆ ಕೈಯನ್ನು ನಿಧಾನವಾಗಿ ಬೋನಿನ ಬಾಯಿಯ ಕಡೆಗೆ ತೋರಿಸಿದಳು. ಚಿರತೆ ಹೊರಳಿತು. ಒಳಗೆ ಹೋಯಿತು. ಬಾಗಿಲು ಬಿತ್ತು.

ಲಕ್ಕಣ್ಣ ಜೀಪಿನ ಬಾಗಿಲು ಹಾಕಿದ.

ಸೂರ್ಯಾಸ್ತಕ್ಕೆ ಮುಂಚೆ, 5.55ಕ್ಕೆ, ಬಂಧನದ ಮೆಮೊ ಬರೆಯಲಾಯಿತು. ಜಾಮೀನು ಸಿಗುವ ಕಲಂ, ರಾತ್ರಿಯೊಳಗೆ ಮನೆಗೆ ಹೋಗಬಹುದೆಂದು ಹೇಮಶ್ರೀ ತಿಳಿಸಿದಳು. ಕಾಮಾಕ್ಷಮ್ಮ ಬೋನಿನ ಕಡೆಗೇ ನೋಡುತ್ತಿದ್ದಳು.

ಠಾಣೆಯಲ್ಲಿ ಹೇಳಿಕೆ ಚಿಕ್ಕದಾಗಿತ್ತು. ಮೊದಲ ದಿನ ಬಾಯಿ ಮುಚ್ಚಿಕೊಂಡು ಇಟ್ಟಿದ್ದಳು. ಆ ರಾತ್ರಿ ಅವಳಿಗೆ ಅನ್ನ ಇಳಿಯಲಿಲ್ಲ. ಎರಡನೆಯ ದಿನದಿಂದ ಮುಸುಕಿನೊಳಗೇ ಕರೆದಳು. ಪರೀಕ್ಷೆಯ ವಿಷಯ ಗೊತ್ತಾದದ್ದು ಸೋಮವಾರ. ದನಿ ಕೇಳಿದರೆ ಅದು ಓಡಿಬರುತ್ತದೆಂದು ಅವಳೊಬ್ಬಳಿಗೇ ಗೊತ್ತಿತ್ತು. ತಾನು ಒಂದು ಮಾತಾಡಿದ್ದಕ್ಕೆ ಅದಕ್ಕೆ ಜೀವಾವಧಿ ಆಗುತ್ತದೆಂದು ಹೆದರಿ, ಬಸ್ಸು ಬರುವ ಮುಂಚೆ ಬಾಗಿಲು ಎತ್ತಿ ಕಟ್ಟಿದ್ದಳು.

ಹೇಳಿಕೆಯನ್ನು ಓದಿ ಹೇಳಿದ ಮೇಲೆ ಅವಳು ಕೇಳಿದಳು, "ಇನ್ ಅದು ಕಾಡಿಗೆ ಹೋಗಲ್ವಾ ಮೇಡಮ್ಮೋರೆ?"

"ಇಲ್ಲ."

"ಹಂಗಾದ್ರೆ ಇಕ್ಕೋವಾಗ ಮಾತಾಡಿದ್ರೆ ತಪ್ಪಿಲ್ಲ?"

"ತಪ್ಪಿಲ್ಲ."

"ಕರೆದು ಇಕ್ಕಿ ಅಂತ ಅಲ್ಲಿರೋರಿಗೆ ಹೇಳ್ಬಿಡಿ" ಎಂದಳು ಕಾಮಾಕ್ಷಮ್ಮ.