ಎರಡು ವರ್ಷ ತಂಗಿಯಾಗಿ

"ಯಾವಾಗ ಬಂದದ್ದು ತಂಗಿ?"

ಬಹ್ರೇನಿನ ಮನಾಮಾದ ಹಳೇ ಮಾರುಕಟ್ಟೆಯಲ್ಲಿ ಇರಾನಿ ರೊಟ್ಟಿಯ ಸಾಲಿನಲ್ಲಿ ನಿಂತಿದ್ದ ತೃಪ್ತಿ ಬೆಚ್ಚಿ ತಿರುಗಿದಳು.

ರಿತೇಶ್! ಸ್ವಲ್ಪ ಸೊರಗಿದ್ದ. ಕಣ್ಣು ಮಾತ್ರ ಅದೇ...

"ಹೋದ ವಾರ," ಅಂದಳು.

"ನಾನು ಶನಿವಾರ ಊರಿಗೆ. ಅಕ್ಕ ಒಂದು ಹುಡುಗಿ ನೋಡಿದ್ದಾಳೆ. ಭಾನುವಾರ ಅವರ ಮನೆಗೆ ಹೋಗ್ಲಿಕ್ಕುಂಟು."

"ಒಳ್ಳೇದಾಯ್ತು."

ಎಷ್ಟು ಸುಲಭವಾಗಿ ಬಂತು ಆ ಸುಳ್ಳು! ಅವನು ತಲೆಯಾಡಿಸಿ ಜನರ ನಡುವೆ ಮರೆಯಾದ. ತೃಪ್ತಿ ರೊಟ್ಟಿ ಕೊಳ್ಳದೆಯೇ ಸಾಲಿನಿಂದ ಹೊರಬಂದಳು.

ಎರಡು ವರ್ಷದ ಹಿಂದೆ, ಡಿಗ್ರಿ ಮುಗಿಸಿ ಮೊದಲ ಸಲ ಈ ದ್ವೀಪಕ್ಕೆ ಬಂದಾಗ, ಅವಳಿಗೆ ಊರು ತೋರಿಸಿದವನು ಅವನೇ. ಸಲ್ಮಾಬಾದಿನ ವರ್ಕ್‌ಶಾಪಿನಲ್ಲಿ ಎ.ಸಿ. ಮೆಕ್ಯಾನಿಕ್, ಚಿಕ್ಕಪ್ಪ ಹರಿನಾಥರಿಗೆ ಬೇಕಾದ ಹುಡುಗ. ಚಿಕ್ಕಪ್ಪನಿಗೆ ಬಿಡುವಿಲ್ಲದ ಶುಕ್ರವಾರಗಳಲ್ಲಿ ಚಿಕ್ಕಮ್ಮ ಆಶಾಲತಾ ಮತ್ತು ತೃಪ್ತಿಯನ್ನು ಕಾರಿನಲ್ಲಿ ಸುತ್ತಿಸುತ್ತಿದ್ದ.

ಬ್ರಿಟಿಷರ ಕಾಲದ ಬಾಬ್ ಅಲ್ ಬಹ್ರೇನ್ ಕಮಾನು ದಾಟಿದರೆ ಗುಜರಾತಿಗಳ ಖಾರದ ತಿಂಡಿ ಫರ್ಸಾಣ, ವೆಂಡಿ ಎಂಬ ಫಿಲಿಪೀನೋ ಹೆಂಗಸಿನ ಅಂಗಡಿಯ ಬಾಳೆಹಣ್ಣಿನ ಕರಿದ ಸುರುಳಿ, ಮಲಯಾಳಿಯ ಏಲಕ್ಕಿ ಚಹಾ. ಅರಬರ ಮಚ್ಬೂಸ್ ಅನ್ನದ ದೊಡ್ಡ ತಟ್ಟೆ ಎದುರಿಗೆ ಬಂದಾಗ ಅವಳು ಚಮಚ ಹುಡುಕಿದ್ದಳು.

"ಕೈ ಉಂಟಲ್ಲ ನಿಮಗೆ? ಊರಲ್ಲಿ ಮೀನು ಗಸಿ ಫೋರ್ಕಿನಲ್ಲಿ ತಿಂತೀರಾ?" ಎಂದು ಅವನು ಕಾಡಿದ್ದ.

ಆ ದಿನ ಅವಳು ಡೈರಿಯಲ್ಲಿ ನಾಲ್ಕು ಪುಟ ಬರೆದಿದ್ದಳು. ಊಟದ ಬಗ್ಗೆ ಒಂದೇ ಸಾಲು.

ಆಮೇಲೊಂದು ಸಂಜೆ ಚಹಾ ಕುಡಿಯುತ್ತ ಅವನು ಕೇಳಿದ್ದ, "ನಿಮ್ಮದು ಯಾವ ಬಳಿ?"

ಒಂದೇ ಬಳಿಯವರು ಒಡಹುಟ್ಟಿದವರ ಸಮ, ಮದುವೆಯಾಗುವಂತಿಲ್ಲ ಎಂದು ಅವಳಿಗೂ ಗೊತ್ತಿತ್ತು. ಹುಡುಗ ಅದನ್ನು ಯಾಕೆ ಕೇಳುತ್ತಾನೆಂಬುದೂ ಗೊತ್ತಿತ್ತು. ಕೆನ್ನೆ ಬಿಸಿಯಾಗಿ, ಪಾಸ್‌ಪೋರ್ಟಿನಲ್ಲಿ ತನ್ನ ಹೆಸರಿನ ಮುಂದಿದ್ದುದನ್ನೇ ಹೇಳಿಬಿಟ್ಟಳು.

"ಕುಕ್ಯಾನ್."

ಅವನು ಲೋಟ ಕೆಳಗಿಟ್ಟ. ಮರುದಿನದಿಂದ ಅವಳು 'ತಂಗಿ'ಯಾದಳು.

'ಬಳಿ ಬರೀ ನೆಪ. ನಾನು ಹಿಡಿಸಲಿಲ್ಲ. ಅದನ್ನು ಹೇಳುವ ಮರ್ಯಾದೆಯ ದಾರಿ ಇದು' ಎಂದು ಡೈರಿಯಲ್ಲಿ ಬರೆದು ಅವಳು ಊರಿಗೆ ಹೊರಟುಹೋಗಿದ್ದಳು. ಯಾಕೆ ಎಂದು ಒಂದು ಮಾತು ಕೇಳಿರಲಿಲ್ಲ.

ಮಾರುಕಟ್ಟೆಯಲ್ಲಿ ಅವನು ಸಿಕ್ಕಿದ ಮರುದಿನ, ಗುರುವಾರ ಬೆಳಿಗ್ಗೆ, ಅವಾಲಿಯಲ್ಲಿರುವ ಚಿಕ್ಕಪ್ಪನ ಬಂಗಲೆಯಲ್ಲಿ ಚಿಕ್ಕಮ್ಮ ಮೊಬೈಲಿನಲ್ಲಿ ವಧೂವರರ ತಾಣವೊಂದಕ್ಕೆ ಅವಳ ವಿವರ ತುಂಬಿಸುತ್ತಿದ್ದರು.

"ಬಳಿ... ಅಂಚನ್."

"ಕುಕ್ಯಾನ್ ಅಲ್ವಾ ಚಿಕ್ಕಮ್ಮ?"

"ಅದು ನಿನ್ನ ಅಪ್ಪಂದು ಮಾರಾಯ್ತಿ. ಶಾಲೆಗೆ ಸೇರಿಸುವಾಗ ಬರೆಸಿದ್ದು. ಬಳಿ ಬರೋದು ತಾಯಿಯಿಂದ. ನಿನ್ನ ಅಮ್ಮ ಅಂಚನ್, ನೀನೂ ಅಂಚನ್. ಇಷ್ಟು ಓದಿ ಇದು ಗೊತ್ತಿಲ್ವಾ?"

ಅಮ್ಮ ತೀರಿಹೋದಾಗ ಅವಳಿಗೆ ಆರು ವರ್ಷ. ಆಮೇಲೆಲ್ಲ ಹಾಸ್ಟೆಲು. ಹೇಳಿಕೊಡುವವರು ಯಾರಿದ್ದರು?

"ರಿತೇಶನದ್ದು ಯಾವುದು?"

"ಕುಕ್ಯಾನ್. ಯಾಕೆ?" ಚಿಕ್ಕಮ್ಮ ಕನ್ನಡಕದ ಮೇಲಿಂದ ನೋಡಿದರು. "ತೃಪ್ತಿ... ಅಳ್ತಿದ್ದೀಯಾ?"

ಅವಳು ಎದ್ದಳು. ಕೋಣೆಗೆ ಹೋದಳು. ಡೈರಿ ಮೇಜಿನ ಮೇಲೇ ಇತ್ತು. ಅದನ್ನು ಪಕ್ಕಕ್ಕೆ ಸರಿಸಿ, ರಿತೇಶನಿಗೆ ಫೋನ್ ಮಾಡಿದಳು.

"ನಾನು ತೃಪ್ತಿ. ನಾನು ಕುಕ್ಯಾನ್ ಅಲ್ಲ. ಅದು ಅಪ್ಪನದ್ದು. ಅಮ್ಮನ ಬಳಿ ಅಂಚನ್. ನನಗೆ... ಇವತ್ತೇ ಗೊತ್ತಾದದ್ದು."

ಆ ಕಡೆ ಯಾರೋ ತಗಡು ಬಡಿಯುತ್ತಿದ್ದರು.

"ಐದು ಗಂಟೆಗೆ ಬರ್ತೇನೆ," ಎಂದ ಕೊನೆಗೆ.

ಬಂದಾಗ ಅಂಗಿಯ ಮೇಲೆ ಗ್ರೀಸ್ ಕಲೆ ಹಾಗೇ ಇತ್ತು. ಇಂಗ್ಲಿಷರ ಕಾಲದ ಆ ಚಿಕ್ಕ ಬಂಗಲೆಯ ಮೆಟ್ಟಿಲಿನ ಹತ್ತಿರವೇ ನಿಂತ.

"ತಪ್ಪು ನಿಮ್ಮೊಬ್ಬರದ್ದಲ್ಲ. ಆಗ ಅಮ್ಮನಿಗೆ ನಿಮ್ಮ ಫೋಟೋ ಕಳಿಸಿದ್ದೆ. 'ಈಗಿನವರು ಅಪ್ಪನ ಹೆಸರು ಹಾಕಿಕೊಳ್ತಾರೆ, ತಾಯಿ ಕಡೆಯದ್ದು ಕೇಳು ಮಗಾ' ಅಂದಿದ್ರು. ಇನ್ನೊಮ್ಮೆ ಕೇಳ್ಲಿಕ್ಕೆ ನಾಚಿಕೆಯಾಯ್ತು ನನಗೆ."

"ಅಮ್ಮ ಈಗ..."

"ಹೋದ ಮಾಗಿಯಲ್ಲಿ ಹೋದ್ರು. ಫೋಟೋ ಅವರ ಫೋನಲ್ಲೇ ಇತ್ತು."

ತೃಪ್ತಿ ಮೆಟ್ಟಿಲ ಮೇಲೆ ಕುಳಿತಳು. ತಾನು ಒಂದೇ ಒಂದು ಮಾತು ಕೇಳಿದ್ದರೆ ಆ ತಾಯಿ ತನ್ನನ್ನು ಕಣ್ಣಾರೆ ನೋಡುತ್ತಿದ್ದರು. ಈಗ ಯಾರಿಗೆ ಹೇಳುವುದು?

"ನನಗೆ ನೀವು ಇಷ್ಟ," ಅಂದಳು, ನೆಲ ನೋಡುತ್ತ. "ಆಗಲೂ ಇತ್ತು. ಹೇಳಲಿಲ್ಲ."

"ನಾನೂ ಹೇಳಲಿಲ್ಲ."

"ಭಾನುವಾರ ಅಲ್ಲಿ ಆ ಹುಡುಗಿ ಕಾಯ್ತಾಳಲ್ಲ..."

"ಇಲ್ಲ. ಬರುವ ದಾರಿಯಲ್ಲೇ ಅಕ್ಕನಿಗೆ ಫೋನ್ ಮಾಡಿದೆ. ಅವರ ಮನೆಗೂ ನಾನೇ ಮಾತಾಡಿ ಕ್ಷಮೆ ಕೇಳಿದೆ. ಅಕ್ಕ ಚೆನ್ನಾಗಿ ಬೈದ್ಲು."

"ನಾನು ಏನು ಹೇಳ್ತೇನೆ ಅಂತ ಗೊತ್ತಿಲ್ಲದೆಯೇ?"

"ನೀವು ಬೇಡ ಅಂದ್ರೂ, ಮನಸ್ಸು ಇಲ್ಲಿಟ್ಟು ಅಲ್ಲಿ ಹೋಗಿ ಕೂರ್ಲಿಕ್ಕಾಗ್ತಿರಲಿಲ್ಲ."

ಅವನು ಒಂದು ಮೆಟ್ಟಿಲು ಕೆಳಗೆ ಕುಳಿತ.

"ಅಮ್ಮ ಹೇಗಿದ್ರು? ಹೇಳಿ," ಎಂದಳು ತೃಪ್ತಿ ಮೆಲ್ಲನೆ.

"ಸುಮಾರು ಉಂಟು. ಒಂದು ಸಂಜೆಯಲ್ಲಿ ಮುಗಿಯುವುದಿಲ್ಲ."

"ನನಗೆ ಅವಸರ ಇಲ್ಲ."