ಪಲ್ಲವಿಗೆ ಬಂದ ಹನ್ನೊಂದು ಸಾವಿರ ಮೇಲ್

ಜೂನ್ ಎರಡರ ಸೋಮವಾರ ಬೆಳಿಗ್ಗೆ ಹೊಸಪೇಟೆಯ ಸೈಬರ್ ಠಾಣೆಗೆ ಇಬ್ಬರು ಯುವತಿಯರು ಬಂದರು. ಮುಂದೆ ನಿಂತವಳು ಸಂಡೂರಿನ ಪಲ್ಲವಿ, ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳ ಚೀಲ ಹಿಡಿದು ಹಿಂದೆ ನಿಂತವಳು ಅನುಸೂಯಾ, ಅದೇ ಆಸ್ಪತ್ರೆಯಲ್ಲಿ ದುಡಿಯುವ, ಅವಳ ಜೊತೆ ಒಂದೇ ಬಾಡಿಗೆ ಕೋಣೆಯಲ್ಲಿ ಇರುವ ಗೆಳತಿ.

ಇನ್‌ಸ್ಪೆಕ್ಟರ್ ಹೇಮಾವತಿ ಕುರ್ಚಿ ತೋರಿಸಿದರು. "ಕುಂದ್ರಿ. ಎಷ್ಟು ಹೋತು?" ಈ ಠಾಣೆಯ ಮೆಟ್ಟಿಲು ಹತ್ತುವವರೆಲ್ಲ ದುಡ್ಡು ಕಳೆದುಕೊಂಡವರೇ.

"ದುಡ್ಡಲ್ರಿ ಮೇಡಂ. ನೌಕರಿ."

ಸರ್ಕಾರಿ ಶುಶ್ರೂಷಾಧಿಕಾರಿ ಹುದ್ದೆಯ ಪರೀಕ್ಷೆಯಲ್ಲಿ ಪಲ್ಲವಿ ಪಾಸಾಗಿದ್ದಳು. ಮೂಲ ದಾಖಲೆಗಳ ಪರಿಶೀಲನೆಗೆ ಯಾವತ್ತು ಬರಬೇಕೆಂಬುದನ್ನು ಇಮೇಲ್‌ನಲ್ಲೇ ತಿಳಿಸುತ್ತೇವೆಂದು ಇಲಾಖೆ ಪ್ರಕಟಿಸಿತ್ತು. ಅದೇ ಹೊತ್ತಿಗೆ ಅವಳ ಮೇಲ್‌ಗೆ ಸ್ಪ್ಯಾಮ್ ಸುರಿಯತೊಡಗಿತು. ಯಾವುದೋ ದೇಶದ ಷೂ ಅಂಗಡಿ, ನಾಯಿಗಳ ಬಿಸ್ಕತ್ತು, ಓದಲಾಗದ ಭಾಷೆಯ ಸುದ್ದಿಪತ್ರಗಳು. ದಿನಕ್ಕೆ ಐನೂರರಂತೆ ಬಂದು ಬಿದ್ದವು. ಮೊನ್ನೆ ಶನಿವಾರ ಅಂತಿಮ ಪಟ್ಟಿ ಬಂದಾಗ ಅವಳ ಹೆಸರಿನ ಮುಂದೆ 'ಗೈರುಹಾಜರಿ' ಎಂದಿತ್ತು.

ಹೆಡ್ ಕಾನ್‌ಸ್ಟೇಬಲ್ ಹುಲುಗೇಶ್ ಅವಳ ಫೋನು ತೆಗೆದುಕೊಂಡು ನೋಡಿದ. "ಒಳಗ ಏನೂ ಇಲ್ಲಲ್ರಿ?"

"ನೋಡಿ ನೋಡಿ ಸಾಕಾಗಿತ್ರಿ. ದಿನಾ ಎಲ್ಲಾ ಒಮ್ಮೆಲೆ ಅಳಸ್ತಿದ್ದೆ."

ಅಳಿಸಿದ್ದೆಲ್ಲ ಒಂದು ತಿಂಗಳು ಕಸದಬುಟ್ಟಿಯಲ್ಲಿ ಉಳಿದಿರುತ್ತದೆ. ಹುಲುಗೇಶ್ ಇಲಾಖೆಯ ಹೆಸರು ಹಾಕಿ ಹುಡುಕಿದ. ಹನ್ನೊಂದು ಸಾವಿರ ಮೇಲ್‌ಗಳ ನಡುವೆ ಅದು ಇತ್ತು. ಮೇ ಹದಿನಾಲ್ಕರಂದು ಬಂದದ್ದು. ಇಪ್ಪತ್ತೆರಡರಂದು ಬೆಂಗಳೂರಿನಲ್ಲಿ ಹಾಜರಾಗತಕ್ಕದ್ದು ಎಂದಿತ್ತು. ಪಲ್ಲವಿ ಎರಡು ಸಲ ಓದಿದಳು. ಅಳಿಸಿದ್ದು ಅವಳದೇ ಬೆರಳು. ಅನುಸೂಯಾ ನೀರಿನ ಬಾಟಲಿ ತೆರೆದು ಅವಳ ಕೈಗೆ ಕೊಟ್ಟಳು.

"ಈಗ ಸಿಕ್ಕೈತಲ್ರಿ ಮೇಡಂ," ಎಂದಳು ಪಲ್ಲವಿ. "ಇದನ್ನ ತೋರ್ಸಿದ್ರ ತಗೊಳಂಗಿಲ್ಲೇನು?"

ತೆಗೆದುಕೊಳ್ಳುವುದಿಲ್ಲವೆಂದು ಹೇಮಾವತಿಗೆ ಗೊತ್ತಿತ್ತು. ಆದರೂ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಎಫ್‌ಐಆರ್ ದಾಖಲಿಸಿಕೊಂಡು, ಇಲಾಖೆಗೂ ಒಂದು ಪತ್ರ ಬರೆದರು.

ಇಂಥ ಪ್ರಕರಣ ಅವರಿಗೆ ಹೊಸದಲ್ಲ. ಹೋದ ವರ್ಷ ಕಂಪ್ಲಿಯ ಅಕ್ಕಿ ಗಿರಣಿಯೊಂದಕ್ಕೆ ಹೀಗೇ ಆಗಿತ್ತು. ಯಾರದಾದರೂ ವಿಳಾಸ ಕೊಟ್ಟರೆ ಸಾಕು, ಅದನ್ನು ಲೋಕದ ಸಾವಿರಾರು ಅಂಗಡಿಗಳ ಚಂದಾಪಟ್ಟಿಗೆ ತಾನೇ ತುಂಬುವ ವೆಬ್‌ಸೈಟುಗಳಿವೆ. ನಡೆಸುವವರು ಎಲ್ಲೋ ಹೊರದೇಶದಲ್ಲಿ. ಆಗ ಬರೆದ ಮೂರು ಪತ್ರಗಳಿಗೂ ಉತ್ತರವಿರಲಿಲ್ಲ, ಕಡತ ಪತ್ತೆಯಾಗದ ಪ್ರಕರಣಗಳ ಸಾಲಿಗೆ ಸೇರಿತ್ತು. ಇದೂ ಅಲ್ಲಿಗೇ ಹೋಗುತ್ತದೆಂದು ಅವರು ಮನಸ್ಸಿನಲ್ಲೇ ಒಪ್ಪಿಕೊಂಡಿದ್ದರು.

ಆದರೆ ಹುಲುಗೇಶ್ ಮೊದಲ ದಿನದ, ಅಂದರೆ ಮೇ ಹನ್ನೊಂದರ, ಮೇಲ್‌ಗಳನ್ನು ಒಂದೊಂದಾಗಿ ತೆರೆದು ನೋಡಿದ್ದ.

"ಮೇಡಂ, ಮೊದಲಿನ ನಾಕು ನಿಧಾನಕ್ಕ ಬಂದಾವ. ಆಮ್ಯಾಲ ನೂರಾರು ಒಮ್ಮೆಲೆ. ಈ ನಾಕು ಮಷಿನ್ ಹಾಕಿದ್ದಲ್ಲ. ಯಾರೋ ಕುಂತು ಕೈಲೆ ಹಾಕ್ಯಾರ, ಬರ್ತಾವೋ ಇಲ್ಲೋ ನೋಡಾಕ."

ಅದರಲ್ಲೊಂದು ಮೇಲ್‌ನ ಕೊನೆಯಲ್ಲಿ, ಕೋರಿಕೆ ಯಾವ ಇಂಟರ್ನೆಟ್ ಸಂಪರ್ಕದಿಂದ ಬಂತೆಂಬ ಸಂಖ್ಯೆ ಇತ್ತು. ನೋಟಿಸ್ ಕೊಟ್ಟ ಮೇಲೆ ಸಂಪರ್ಕ ಕಂಪನಿ ವಿಳಾಸ ತಿಳಿಸಿತು: ಕಡ್ಡಿರಾಂಪುರದಲ್ಲಿ ಹಂಪಯ್ಯ ಎಂಬುವರ ಹೋಂಸ್ಟೇ.

ಜೂನ್ ಹದಿಮೂರರಂದು ಜೀಪು ಅಲ್ಲಿಗೆ ಹೋಯಿತು. ದಾರಿಯುದ್ದಕ್ಕೂ ಹೇಮಾವತಿ ಯಾರೋ ಪ್ರವಾಸಿಯ ಕೆಲಸವಿರಬಹುದೆಂದೇ ಅಂದುಕೊಂಡಿದ್ದರು. ಹಂಪಯ್ಯ ಖಾಲಿ ಕೋಣೆಗಳ ಹಾಸಿಗೆ ಹೊರಗೆ ಹಾಕಿ ಬಡಿಯುತ್ತಿದ್ದ.

"ಮೇ ಹನ್ನೊಂದಕ್ಕ ಯಾರು ಇಳ್ಕೊಂಡಿದ್ರು?"

"ಆ ಬಿಸ್ಲಾಗ ಹಂಪಿ ನೋಡಾಕ ಯಾರ್ ಬರ್ತಾರ್ರಿ? ಒಂದು ನರಪಿಳ್ಳೆ ಇದ್ದಿಲ್ಲ. ಐತ್ವಾರ ಅಲ್ರಿ ಅವತ್ತು, ಮಗಳೊಬ್ಬಾಕಿ ಬಂದಿದ್ಲು."

"ಮಗಳು ಏನ್ ಮಾಡ್ತಾಳ?"

"ಹೊಸಪ್ಯಾಟ್ಯಾಗ ನರ್ಸ್ ಅದಾಳ್ರಿ. ಅನುಸೂಯಾ ಅಂತ. ಯಾಕ್ರಿ, ಏನಾತು?"

ಹುಲುಗೇಶ್ ತಲೆ ತಗ್ಗಿಸಿದ. ಹೇಮಾವತಿ ಪಕ್ಕದ ಮನೆಯವರಿಬ್ಬರನ್ನು ಪಂಚರಾಗಿ ಕರೆಸಿ, ಮನೆಯ ಹಳೆಯ ಲ್ಯಾಪ್‌ಟಾಪ್ ತೆರೆಸಿದರು. ಸ್ಪ್ಯಾಮ್ ತುಂಬುವ ವೆಬ್‌ಸೈಟೊಂದರ ಹೆಸರು, ಅದನ್ನು ತೆರೆದ ತಾರೀಖು ಎರಡೂ ಅದರಲ್ಲಿದ್ದವು. ಪಂಚನಾಮೆ ಬರೆದು ಜಪ್ತಿ ಮಾಡಿಕೊಂಡರು.

ಅನುಸೂಯಾ ಆಸ್ಪತ್ರೆಯಲ್ಲಿ ಸಿಕ್ಕಳು. ಡ್ರಿಪ್ ಬದಲಿಸುತ್ತಿದ್ದಳು. ಪೊಲೀಸರನ್ನು ಕಂಡು, ಕೆಲಸ ಮುಗಿಸಿ, ಕೈ ತೊಳೆದುಕೊಂಡು ಬಂದಳು. ಯಾಕೆಂದು ಕೇಳಲಿಲ್ಲ.

"ಪರೀಕ್ಷೆ ನೀನೂ ಬರ್ದಿದ್ದೇನು?" ಠಾಣೆಯಲ್ಲಿ ಹೇಮಾವತಿ ಕೇಳಿದರು.

"ಮೂರು ಸಲ ಬರ್ದೀನ್ರಿ."

"ಆಕಿಗೆ ತಪ್ಪಿದ್ರ ನಿನಗ ಸಿಗ್ತಿತ್ತೇನು?"

"ಇಲ್ರಿ. ನನ್ನ ಹೆಸರು ಪಟ್ಟಿಯಾಗ ಇಲ್ಲ."

"ಮತ್ಯಾಕ?"

ಅನುಸೂಯಾ ನೆಲ ನೋಡಿದಳು. "ಆರ್ಡರ್ ಇನ್ನಾ ಬಂದಿದ್ದಿಲ್ರಿ, ಆಗ್ಲೇ ಸಾಮಾನು ಕಟ್ಟಾಕತ್ತಿದ್ಲು. ನಾಕು ವರ್ಷ ಇಬ್ರೂ ಒಂದ ಪುಸ್ತಕ ಹಿಡ್ಕೊಂಡು ಓದೀವಿ. ಇದೊಂದು ಸಲ ತಪ್ಲಿ, ಮುಂದಿನ ಸಲ ಕೂಡೇ ಹೋಗೋಣು ಅಂತ..."

"ಮುಂದಿನ ಸಲ ಯಾವಾಗ?"

"ಗೊತ್ತಿಲ್ರಿ."

"ದೂರು ಕೊಡಾಕ ನೀನೂ ಬಂದಿದ್ದೆಲ್ಲ?"

"ನಾನ ಕರ್ಕೊಂಡು ಬಂದಿದ್ದೆ ಮೇಡಂ. ಎರಡನೇ ದಿನಾನ ನಿಲ್ಲಸಾಕ ನೋಡಿದೆ, ಆ ವೆಬ್‌ಸೈಟಿನ್ಯಾಗ ನಿಲ್ಲಿಸೋದು ಇದ್ದಿಲ್ಲ. ಪೊಲೀಸ್ರ ಕಾಗದ ಇದ್ರ ನೌಕರಿ ವಾಪಸ್ ಕೊಡ್ತಾರ ಅಂತ ಯಾರೋ ಅಂದ್ರು."

ಇಲಾಖೆಯ ಉತ್ತರ ಹಿಂದಿನ ದಿನವೇ ಬಂದಿತ್ತು. ನಿಯಮಗಳಲ್ಲಿ ಅವಕಾಶವಿರುವುದಿಲ್ಲ ಎಂಬ ಒಂದೇ ಸಾಲು. ಪಟ್ಟಿಯಲ್ಲಿ ಪಲ್ಲವಿಯ ನಂತರ ಇದ್ದವರು ಆಗಲೇ ಕೆಲಸಕ್ಕೆ ಸೇರಿಯಾಗಿತ್ತು.

ಸೂರ್ಯ ಮುಳುಗುವ ಮೊದಲೇ ಮಗಳ ಬಂಧನದ ಮೆಮೊಗೆ, ಠಾಣೆಗೆ ಬಂದಿದ್ದ ಹಂಪಯ್ಯ ಸಹಿ ಹಾಕಿದ. ಅದರಲ್ಲಿ ಏನಿದೆಯೆಂದು ಓದಲಿಲ್ಲ. ವಿಷಯ ತಿಳಿಸಲು ಪಲ್ಲವಿಯನ್ನು ಕರೆಸಿದರು. ಅವಳು ಡ್ಯೂಟಿಯ ಬಟ್ಟೆಯಲ್ಲೇ ಬಂದಳು. ಎಲ್ಲ ಕೇಳಿಸಿಕೊಂಡಳು, ಇಲಾಖೆಯ ಪತ್ರವನ್ನೂ ಓದಿದಳು.

"ಕೇಸು ಆದ್ರ ಆಕಿ ನರ್ಸ್ ಕೆಲ್ಸಾನೂ ಹೋಗ್ತೈತೇನ್ರಿ?"

"ಹೋಗಬೌದು."

"ನಾನು ದೂರು ವಾಪಸ್ ತಗೊಂಡ್ರ?"

"ಎಫ್‌ಐಆರ್ ಆದ ಮ್ಯಾಲ ನನ್ನ ಕೈಯಾಗ ಇಲ್ಲವ್ವ."

ಬಾಗಿಲಾಚೆಯ ಬೆಂಚಿನಲ್ಲಿ ಮಹಿಳಾ ಪೇದೆಯ ಪಕ್ಕ ಅನುಸೂಯಾ ಕೂತಿದ್ದಳು. ಪಲ್ಲವಿ ಅಲ್ಲಿಯವರೆಗೆ ಹೋಗಿ ನಿಂತಳು. ಆಮೇಲೆ ಮೆಟ್ಟಿಲಿಳಿದು ಹೋದಳು.

"ಉದ್ದೇಶ ಅಂತ ಏನ್ ಬರೀಲಿ ಮೇಡಂ?" ಹುಲುಗೇಶ್ ಕೇಳಿದ. "ಹೊಟ್ಟೆಕಿಚ್ಚು ಅನ್ಲೇನು?"

ಗೆಳತಿ ಹೋದ ಮೇಲೆ ಆ ಕೋಣೆಯಲ್ಲಿ ಒಬ್ಬಳೇ ಉಳಿಯಬೇಕಾದವಳ ಹೆದರಿಕೆಗೆ ಕೋರ್ಟು ಒಪ್ಪುವ ಶಬ್ದವೊಂದೂ ಹೇಮಾವತಿಗೆ ಹೊಳೆಯಲಿಲ್ಲ.

"ಹೂಂ, ಹಂಗ ಬರಿ," ಎಂದು ಸಹಿ ಹಾಕಿದರು.