ಅಂಗಿ ಬದಲಿಸದ ರೋಗಾಣು

ಅರಕೆರೆಯ ಚೆಲುವಮ್ಮನ ಎರಡು ಹಸುಗಳು ಉಣುಗು ಜ್ವರದ ಲಸಿಕೆ ಹಾಕಿಸಿಕೊಂಡ ತಿಂಗಳೊಳಗೆ ಸತ್ತವು. ಅವಳ ಕೊಟ್ಟಿಗೆಯಲ್ಲಿ ದನದ ರಕ್ತ ಹೀರುವ ಉಣುಗೇ ಕಾರಣವೆಂದು ಲಸಿಕೆ ಕೇಂದ್ರ ಹೇಳಿತು. ಹಾಲಿನ ಸೊಸೈಟಿ ಅವಳ ಉಳಿದೊಂದು ಹಸುವಿನ ಹಾಲು ತೆಗೆದುಕೊಳ್ಳುವುದನ್ನು ನಿಲ್ಲಿಸಿತು.

ಶ್ರೀರಂಗಪಟ್ಟಣದ ಕೋಟೆಯೊಳಗಿದ್ದ ಸರಸಮ್ಮನವರ ಮನೆಗೆ ಅವಳು ಹಾಲಿನ ಕ್ಯಾನಿನ ಸಮೇತ ಬಂದಳು. ಚರಂಡಿಗೆ ಸುರಿಯಲು ಕೈ ಬಂದಿರಲಿಲ್ಲ. ಸರಸಮ್ಮನವರು ನಿವೃತ್ತ ಪಶುರೋಗ ತಜ್ಞೆ. ದನ ಏಕೆ ಸತ್ತಿತೆಂದು ಪತ್ತೆ ಹಚ್ಚುವುದರಲ್ಲಿ ಸುತ್ತ ನಾಲ್ಕು ತಾಲ್ಲೂಕಿಗೆ ಹೆಸರಾದವರು. ಅವರ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ದುಡಿದ ಲತ ಈಗಲೂ ಅವರ ಬೆನ್ನಿಗಿದ್ದಳು. ಅವಳು ಅದೇ ಹಾಲು ಕಾಯಿಸಿ ಕಾಫಿ ಮಾಡಿದಳು.

"ಉಣುಗಿನ ಮನೆ ಹಾಲು ಕುಡುದ್ಬುಟ್ರಿ. ಇನ್ನು ನಿಮ್ಮನ್ನೂ ಸೊಸೈಟಿ ಬಾಗ್ಲಿಗೆ ಸೇರ್ಸಾಕಿಲ್ಲ ಕಣವ್ವ" ಎಂದಳು ಚೆಲುವಮ್ಮ. ನಗಲಿಲ್ಲ.

ಕೇಂದ್ರದ ಬಳಿ ಸಾಕ್ಷಿಯಿತ್ತು. ಲಸಿಕೆ ಹಾಕಿದ್ದು ಮಂಗಳವಾರ. ಹಿಂದಿನ ದಿನವೇ ಅವಳ ಹಸುವಿನಿಂದ ತೆಗೆದದ್ದೆಂದು ಚೀಟಿ ಅಂಟಿಸಿದ ರಕ್ತದ ನಳಿಕೆಯೇ ಆ ಸಾಕ್ಷಿ. ಅದರಲ್ಲಿ ಆಗಲೇ ರೋಗಾಣುಗಳಿದ್ದವು.

"ಸೋಮ್ವಾರ ಬಸವಣ್ಣನ ದಿನ. ಕುತ್ತಿಗೆಗೆ ನೊಗನೇ ಇಡಾಕಿಲ್ಲ, ಸೂಜಿ ಚುಚ್ಚುಸ್ತೀನಾ?"

ಆ ಮಾತು ಯಾರ ಮುಂದೆ ನಿಂತೀತು ಎಂದು ಲತಳಿಗೆ ಅನಿಸಿತು. ಸರಸಮ್ಮನವರು ಕೇಳಿದ್ದು ಬೇರೆಯೇ: ವಿಮೆಯವರಿಗೆ ತೋರಿಸಲು ಸತ್ತ ಹಸುವಿನ ಕಿವಿಯನ್ನು ನಂಬರಿನ ಓಲೆಯ ಸಮೇತ ಕೊಯ್ದಿಡುತ್ತಾರಲ್ಲ, ಅದು ಇದೆಯೇ? ಉಪ್ಪು ಹಾಕಿ ಡಬ್ಬಿಯಲ್ಲಿಟ್ಟಿದ್ದೇನೆ ಎಂದಳು ಚೆಲುವಮ್ಮ.

ಮಾರನೆಯ ದಿನ ಸರಸಮ್ಮನವರೂ ಲತಳೂ ಪಾಂಡವಪುರ ರಸ್ತೆಯ ಆ ಕೇಂದ್ರಕ್ಕೆ ಹೋದರು. ರೋಗಾಣುವಿನ ಬಾಟಲಿಗಳಿದ್ದ ಫ್ರೀಜರ್ ಕೋಣೆಯ ಬೀಗದ ಕೈ ಇದ್ದದ್ದು ಇಬ್ಬರ ಬಳಿ ಮಾತ್ರ: ವಿಜ್ಞಾನಿ ಶ್ರೀನಾಥ್, ವ್ಯವಸ್ಥಾಪಕ ಸಿದ್ದೇಶ. ಶ್ರೀನಾಥನ ಗೋಡೆಯಲ್ಲಿ ಅವನೇ ಬರೆದ ಚಿತ್ರವಿತ್ತು. ಒಂದೇ ರೋಗಾಣು, ಉಣುಗಿನೊಳಗೆ ಕೆಂಪು, ಹಸುವಿನೊಳಗೆ ನೀಲಿ. ಅವನು ತಲೆ ತಗ್ಗಿಸಿ ಸೂಕ್ಷ್ಮದರ್ಶಕದಲ್ಲಿ ಮುಳುಗಿದ್ದ. ಸಿದ್ದೇಶನೇ ಎಲ್ಲ ತೋರಿಸಿದ. ವಿದೇಶಿ ತಳಿಯ ರೋಗಾಣುವನ್ನು ಉಣುಗಿನ ಜೀವಕೋಶಗಳಲ್ಲಿ ಬೆಳೆಸಿ, ಕೊಂದು, ಲಸಿಕೆ ಮಾಡುತ್ತಾರಂತೆ. ರಕ್ತದ ನಳಿಕೆಯಿಂದ ಅರ್ಧವನ್ನು ಅವನೇ ಬಗ್ಗಿಸಿ ಕೊಟ್ಟ.

"ಪರೀಕ್ಷೆ ಮಾಡುಸ್ಕಳಿ ಮೇಡಂ. ಉಣುಗಲ್ಲಿರ್ಲಿ, ಹಸುವಲ್ಲಿರ್ಲಿ, ರೋಗಾಣು ರೋಗಾಣುನೇ ಅಲ್ವಾ?"

ನಳಿಕೆಯ ರಕ್ತ, ಕಿವಿ ಎರಡರ ಪರೀಕ್ಷೆಯ ಫಲವೂ ಬಂದ ಮೇಲೆ ಸರಸಮ್ಮನವರು ಎಲ್ಲರನ್ನೂ ಅರಕೆರೆಯ ಸೊಸೈಟಿ ಕಟ್ಟಡಕ್ಕೆ ಕರೆಸಿದರು. ಅಧ್ಯಕ್ಷ ಚಿಕ್ಕಸ್ವಾಮಿ ಕುರ್ಚಿ ಹಾಕಿಸಿದ. ಚೆಲುವಮ್ಮ ಬಾಗಿಲ ಬಳಿ ಕ್ಯಾನಿಟ್ಟುಕೊಂಡು ನಿಂತೇ ಇದ್ದಳು. ಸರಸಮ್ಮನವರು ಮಾತು ಶುರು ಮಾಡಿದರು.

"ಈ ರೋಗಾಣು ಬಲು ಚಾಲಾಕಿ. ಉಣುಗಿನ ಹೊಟ್ಟೆಯಲ್ಲಿ ಒಂದಷ್ಟು ಜೀನ್‌ಗಳು ಎದ್ದು ಕೆಲಸ ಮಾಡ್ತವೆ, ಹಸುವಿನ ರಕ್ತ ಸೇರಿದ ಮೇಲೆ ಅವು ಮಲಗಿ ಬೇರೆಯವು ಏಳ್ತವೆ. ಮೈಮೇಲಿನ ಅಂಗಿಯೇ ಬದಲಾಗುತ್ತೆ. ಹಸುವಿನಿಂದ ತೆಗೆದ ರಕ್ತದಲ್ಲಿ ಹಸುವಿನ ಅಂಗಿ ಇರಬೇಕು. ಈ ನಳಿಕೆಯಲ್ಲಿದ್ದದ್ದು ಬರೀ ಉಣುಗಿನ ಅಂಗಿ. ಈ ರೋಗಾಣು ಹಸುವಿನೊಳಗೆ ಒಂದು ದಿನವೂ ಬಾಳಿಲ್ಲ. ಯಾವುದೋ ರಕ್ತಕ್ಕೆ ನಿಮ್ಮ ಕೋಣೆಯ ಬಾಟಲಿಯಿಂದ ಸುರಿದದ್ದು."

ಹಾಗಾದರೆ ಸೋಮವಾರ ಯಾರೂ ಸೂಜಿ ಚುಚ್ಚಿರಲಿಲ್ಲ. ಲತ ಬಾಗಿಲ ಕಡೆ ನೋಡಿದಳು. ಚೆಲುವಮ್ಮ ಅವಳತ್ತ ನೋಡಲಿಲ್ಲ.

ಕಿವಿಯಲ್ಲಿ ಒಣಗಿದ್ದ ರಕ್ತದಲ್ಲಿ ಸಿಕ್ಕಿದ್ದು ಕೇಂದ್ರದ ವಿದೇಶಿ ತಳಿಯೇ, ನಮ್ಮ ಸೀಮೆಯ ಉಣುಗಿನದಲ್ಲ ಎಂದರು ಸರಸಮ್ಮನವರು. ಲಸಿಕೆಯೊಳಗೆ ರೋಗಾಣು ಸತ್ತಿರಲಿಲ್ಲ. ಅದನ್ನು ಮುಚ್ಚಲು ನಳಿಕೆ ಹುಟ್ಟಿತು.

"ಅಂಗಿ ಬದಲಾಗೋದನ್ನ ಗೋಡೆಯ ಮೇಲೆ ಬರೆದವನು ಇಂಥ ತಪ್ಪು ಮಾಡಲ್ಲ, ಮಾಡಿದರೂ ನಳಿಕೆಯನ್ನ ನನ್ನ ಕೈಗೆ ಕೊಡಲ್ಲ. ರೋಗಾಣು ರೋಗಾಣುನೇ ಅಂತ ನಂಬಿದವನು ಕೊಡ್ತಾನೆ. ಅಲ್ವೇನಪ್ಪ ಸಿದ್ದೇಶ?"

ಸಿದ್ದೇಶ ಶ್ರೀನಾಥನ ಮುಖ ನೋಡಿದ. ಶ್ರೀನಾಥ್ ನೆಲ ನೋಡುತ್ತಲೇ, ನಳಿಕೆ ಸುಳ್ಳೆಂದು ಮೊದಲ ದಿನವೇ ತನಗೆ ಗೊತ್ತಿತ್ತು, ಯಾರೂ ಕೇಳಲಿಲ್ಲ ಎಂದ.

"ಹಸು ಕೇಳಲ್ಲ ಡಾಕ್ಟ್ರೇ" ಎಂದರು ಸರಸಮ್ಮನವರು.

ಇನ್ನು ಮುಗಿಯಿತೆಂದು ಲತ ಎದ್ದಳು. ಮುಗಿದಿರಲಿಲ್ಲ. ಲಸಿಕೆಯವರನ್ನು ಊರಿಗೆ ಕರೆತಂದವನು ಚಿಕ್ಕಸ್ವಾಮಿಯೇ. ಅವನು ಮೆಲ್ಲಗೆ ಬಾಗಿಲ ಬಳಿ ಬಂದ.

"ಆಗಿದ್ದಾಯ್ತು ಬುಡವ್ವ. ನಾಳೆಯಿಂದ ಹಾಲು ತಕಬಾ, ಅಳೆಸ್ಕತೀನಿ. ಊರವ್ರು ಕೇಳುದ್ರೆ ಮಾತ್ರ ಉಣುಗಿಂದ್ಲೇ ಸತ್ತೋ ಅನ್ನು. ಸೊಸೈಟಿ ಮರ್ವಾದೆ ಐತೆ."

ಹಾಲು ಅಳೆಸದಿದ್ದರೆ ಆ ಮನೆಯಲ್ಲಿ ಒಲೆ ಉರಿಯುವುದು ಕಷ್ಟವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಚೆಲುವಮ್ಮ ಬಗ್ಗಿ ಕ್ಯಾನು ಎತ್ತಿ ಸೊಂಟಕ್ಕಿಟ್ಟುಕೊಂಡಳು.

"ಉಣುಗು ಎಲ್ಲಾರ ಕೊಟ್ಟಿಗೇಲೂ ಅವೆ ಕಣಣ್ಣ, ನಿನ್ನ ಕೊಟ್ಟಿಗೇಲೂ ಅವೆ. ನನ್ನ ಹಸ ಕೊಂದಿದ್ದು ಉಣುಗಲ್ಲ. ಬೇಕಾದ್ರೆ ಹಾಲು ಚೆಲ್ತೀನಿ. ಆ ಮಾತು ಅನ್ನಾಕಿಲ್ಲ."